ದೋಷವೂ ಪ್ರಮಾದವೂ

ದೋಷ, ಪ್ರಮಾದ ಎಂಬ ಎರಡು ಶಬ್ದಗಳನ್ನು ನಮ್ಮ ಜನರು ಮಾತಿನಲ್ಲಿ ಒಂದೇ ಎಂಬಂತೆ ಬಳಸುವುದುಂಟು. ಸಂಸ್ಕೃತವನ್ನು ಬಲ್ಲವರಿಗೆ ಇವೆರಡರ ಭೇದವು ತಿಳಿಯದ್ದೇನಲ್ಲ. ದೋಷವೆಂಬುದು 'ದುಷ್' ಎಂಬ ಧಾತುವಿನಿಂದ ಹುಟ್ಟಿದುದು. ಕೆಡುವುದು ಎಂದು ಅದರ ಅರ್ಥ. ಪ್ರಮಾದವಾದರೋ 'ಮದ್' ಎಂಬ ಧಾತುವಿನಿಂದ ಬಂದುದು. ಮೈಮರೆಯುವುದು, ಎಚ್ಚರದಪ್ಪುವುದು ಎಂಬುದೇ ಅದರ ತಾತ್ಪರ್ಯ. ದೋಷವು ವಸ್ತುವಿನಲ್ಲಿರುತ್ತದೆ, ಪ್ರಮಾದವು ಮನುಷ್ಯನಲ್ಲಿರುತ್ತದೆ. ಹಾಲು ಕೆಟ್ಟರೆ ಅದು ದೋಷ. ಮೂಸಿ ನೋಡದೆ ಆ ಹಾಲನ್ನು ಮಗುವಿಗೆ ಕುಡಿಸಿದರೆ ಅದು ಪ್ರಮಾದ. ಈ ತಿಂಗಳು ವಿದ್ಯುತ್ ಕಾರುಗಳ ಬ್ರೇಕಿನ ವಿಷಯವನ್ನು ಕೈಗೆತ್ತಿಕೊಂಡ ನಮಗೆ ಮೊದಲು ನೆನಪಾದುದು ಈ ಭೇದವೇ.

ಇಂಥ ಕಂಪೆನಿಯವರು ಬ್ರೇಕಿನ ದೋಷದ ದೆಸೆಯಿಂದ ತಾವು ಮಾರಿದ ಇಷ್ಟು ಸಾವಿರ ಕಾರುಗಳನ್ನು ಹಿಂದಕ್ಕೆ ಕರೆದಿದ್ದಾರೆ ಎಂಬ ಸುದ್ದಿಯು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವುದನ್ನು ವಾಚಕರು ಗಮನಿಸಿರಬಹುದು. ಇದಕ್ಕೆ ರೀಕಾಲ್ ಎಂದು ಹೆಸರು. ಈ ಸುದ್ದಿಯನ್ನೋದುವ ಗೃಹಸ್ಥರಲ್ಲಿ ಎರಡು ಪಂಗಡಗಳುಂಟು. 'ಅಯ್ಯೋ, ಆ ಕಂಪೆನಿಯ ಗಾಡಿಯ ಸಹವಾಸವೇ ಬೇಡ' ಎಂದು ಒಂದು ಪಂಗಡದವರು ಬೆಚ್ಚುವರು. 'ನಮ್ಮ ಗಾಡಿ ನೆಟ್ಟಗೆ ಓಡುತ್ತಿದೆ, ನೆಟ್ಟಗೆ ನಿಲ್ಲುತ್ತಿದೆ. ನಮಗೇಕೆ ಈ ಉಸಾಬರಿ?' ಎಂದು ಇನ್ನೊಂದು ಪಂಗಡದವರು ಪತ್ರಿಕೆಯನ್ನು ಮಡಿಸಿಡುವರು. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂಬುದನ್ನು ಯಥಾಮತಿ ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಳೆಯ ಗ್ರಂಥಗಳಲ್ಲಿ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಸೇರಿಸುವ ಪದ್ಧತಿಯುಂಟಷ್ಟೆ. ಇಂಥ ಪುಟದ ಇಂಥ ಪಂಕ್ತಿಯಲ್ಲಿ ಹೀಗಿರುವುದನ್ನು ಹೀಗೆ ತಿದ್ದಿ ಓದತಕ್ಕದ್ದು ಎಂದು ಅಚ್ಚು ಹಾಕಿಸಿದವರೇ ಓದುಗನಿಗೆ ವಿನಯದಿಂದ ತಿಳಿಸುತ್ತಿದ್ದರು. ಆ ಪಟ್ಟಿಯಿದ್ದ ಮಾತ್ರಕ್ಕೆ ಗ್ರಂಥವು ಕೀಳೆಂದು ಯಾವ ಪಂಡಿತರೂ ಹೇಳಲಿಲ್ಲ. ಪಟ್ಟಿಯಿಲ್ಲದ ಗ್ರಂಥದಲ್ಲಿ ತಪ್ಪೇ ಇಲ್ಲವೆಂದು ಯಾರೂ ನಂಬಲೂ ಇಲ್ಲ. ರೀಕಾಲ್ ಎಂಬುದು ಯಂತ್ರಕ್ಕೆ ಲಗತ್ತಿಸಿದ ತಪ್ಪು-ಒಪ್ಪುಗಳ ಪಟ್ಟಿಯೇ ಸರಿ. ಭೇದವಿಷ್ಟೆ: ಗ್ರಂಥದ ತಪ್ಪಿನಿಂದ ಅರ್ಥವು ಕೆಡುತ್ತದೆ, ಬ್ರೇಕಿನ ತಪ್ಪಿನಿಂದ ಪ್ರಾಣವು ಹೋಗುತ್ತದೆ. ಅದೂ ಕಾರಿನ ಯಜಮಾನನ ಪ್ರಾಣವೇ ಹೋಗಬೇಕೆಂಬ ನಿಯಮವಿಲ್ಲ. ಪುಸ್ತಕದ ಚೀಲ ಹೊತ್ತು ಬೀದಿ ದಾಟುತ್ತಿರುವ ನೆರೆಮನೆಯ ಹುಡುಗನದೂ ಆಗಬಹುದು.

ಈ ಪದ್ಧತಿಯು ಶಾಸನದ ರೂಪವನ್ನು ತಾಳಿದುದು ಅಮೆರಿಕದಲ್ಲಿ. ೧೯೬೫ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ಮೋಟಾರು ತಯಾರಕರ ಅಲಕ್ಷ್ಯವನ್ನು ಬಯಲಿಗೆಳೆದು ಗ್ರಂಥವೊಂದನ್ನು ಪ್ರಕಟಿಸಿದರು. ಮರುವರ್ಷವೇ, ಎಂದರೆ ೧೯೬೬ರಲ್ಲಿ, ವಾಹನಗಳ ಸುರಕ್ಷತೆಯನ್ನು ಕುರಿತ ಶಾಸನವು ಅಲ್ಲಿ ಜಾರಿಗೆ ಬಂದಿತು. ದೋಷವು ಕಂಡುಬಂದರೆ ಮಾಲಿಕನಿಗೆ ತಿಳಿಸತಕ್ಕದ್ದು ಎಂಬುದು ಮೊದಲಿನ ಕಟ್ಟಳೆ. ತಿಳಿಸಿದರೆ ಸಾಲದು, ಒಂದು ಕಾಸನ್ನೂ ತೆಗೆದುಕೊಳ್ಳದೆ ಸರಿಪಡಿಸಿಕೊಡತಕ್ಕದ್ದು ಎಂಬುದು ೧೯೭೪ರ ತಿದ್ದುಪಡಿಯಿಂದ ಕೂಡಿಕೊಂಡಿತು. ಇಷ್ಟಾದರೂ ಮಾಲಿಕರು ಕಂಪೆನಿಯ ಕಾಗದವನ್ನು ಜಾಹೀರಾತೆಂದು ಭಾವಿಸಿ ಒಡೆಯದೆ ಬಿಸಾಡುವುದು ತಪ್ಪದೆ ಹೋದುದರಿಂದ, ೨೦೧೪ರಿಂದ ಲಕೋಟೆಯ ಮೇಲೆಯೇ ಇದು ಸುರಕ್ಷತೆಯ ರೀಕಾಲ್ ಪತ್ರವೆಂದು ಎದ್ದು ಕಾಣುವಂತೆ ಮುದ್ರೆಯೊತ್ತಬೇಕೆಂದು ವಿಧಿಸಬೇಕಾಯಿತು. ದೋಷವನ್ನು ತಿದ್ದಲು ಶಾಸನವುಂಟು. ಪ್ರಮಾದವನ್ನು ತಿದ್ದಲು ಲಕೋಟೆಗೆ ಮುದ್ರೆ ಬೇಕಾಯಿತು!

ಇನ್ನು ವಿದ್ಯುತ್ ಕಾರಿನ ಬ್ರೇಕಿನಲ್ಲಿ ಅಂಥ ವಿಶೇಷವೇನೆಂದು ಕೇಳಬಹುದು. ಪೆಟ್ರೋಲ್ ಕಾರಿನಲ್ಲಿ ನಾವು ಪೆಡಲನ್ನು ತುಳಿದರೆ ಕೊಳವೆಯೊಳಗಿನ ಎಣ್ಣೆಯು ಒತ್ತಲ್ಪಟ್ಟು, ಚಕ್ರದೊಡನೆ ತಿರುಗುವ ಬಿಲ್ಲೆಯನ್ನು ಎರಡು ಪ್ಯಾಡುಗಳು ಕಚ್ಚಿ ಹಿಡಿಯುತ್ತವೆ. ಘರ್ಷಣೆಯಿಂದ ಗಾಡಿಯು ನಿಲ್ಲುತ್ತದೆ. ಗಾಡಿಯ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಈ ಘರ್ಷಣೆಯ ತಡೆಯೂ ಉಂಟು. ಅದಲ್ಲದೆ ಮೋಟಾರಿನ ತಡೆ ಎಂಬ ಇನ್ನೊಂದೂ ಉಂಟು. ಕಾಲನ್ನು ಸಡಿಲಿಸಿದೊಡನೆ ಚಕ್ರವೇ ಮೋಟಾರನ್ನು ತಿರುಗಿಸತೊಡಗುತ್ತದೆ. ಆಗ ಮೋಟಾರು ಡೈನಮೋ ಆಗಿ ಪರಿಣಮಿಸಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ. ಆ ದುಡಿಮೆಯ ಭಾರಕ್ಕೆ ಗಾಡಿಯ ವೇಗವು ತಗ್ಗುತ್ತದೆ. ವ್ಯರ್ಥವಾಗಿ ಹೋಗುವುದನ್ನು ಉಳಿಸಿಕೊಳ್ಳುವ ಈ ಉಪಾಯವು ಗೃಹಿಣಿಯರು ಮೆಚ್ಚತಕ್ಕ ಮಿತವ್ಯಯವೇ ಸರಿ.

ಆದರೆ ಒಂದು ಗಾಡಿಗೆ ಎರಡು ತಡೆಗಳಾದ ಮೇಲೆ, ಯಾವ ಕ್ಷಣದಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕೆಂದು ನಿರ್ಣಯಿಸುವ ಮೂರನೆಯವನೊಬ್ಬನು ಬೇಕಾಗುತ್ತಾನೆ. ಅವನೇ ಗಾಡಿಯೊಳಗಿನ ಗಣಕಯಂತ್ರ. ಈಚಿನ ಎಷ್ಟೋ ಕಾರುಗಳಲ್ಲಿ ನಮ್ಮ ಕಾಲು ಬ್ರೇಕಿಗೆ ಆಜ್ಞೆಯನ್ನು ಮಾಡುವುದಿಲ್ಲ, ಗಣಕಕ್ಕೆ ಅರಿಕೆಯನ್ನು ಮಾಡಿಕೊಳ್ಳುತ್ತದೆ. ಗಣಕವು ಬ್ರೇಕಿಗೆ ಆಜ್ಞೆಯನ್ನು ಕೊಡುತ್ತದೆ. ಆದ್ದರಿಂದ ಈ ಬ್ರೇಕಿನ ದೋಷವು ಕಬ್ಬಿಣದಲ್ಲಿಯೇ ಇರಬೇಕೆಂದಿಲ್ಲ. ಗಣಕಕ್ಕೆ ಬರೆದಿಟ್ಟ ಕಟ್ಟಳೆಗಳಲ್ಲಿ, ಎಂದರೆ ತಂತ್ರಾಂಶದಲ್ಲಿಯೂ, ಅಡಗಿರಬಹುದು. ಅಂಥ ದೋಷವನ್ನು ಎಷ್ಟು ಅನುಭವಸ್ಥನಾದ ಮೆಕ್ಯಾನಿಕನೂ ಗಾಡಿಯ ಕೆಳಗೆ ಮಲಗಿ ನೋಡಿ ಕಂಡುಹಿಡಿಯಲಾರನು. 'ನಮ್ಮ ಗಾಡಿ ಚೆನ್ನಾಗಿದೆ' ಎಂಬ ಗೃಹಸ್ಥನ ನಂಬಿಕೆಗೆ ಇಲ್ಲಿ ಪ್ರಮಾಣವೇ ಇಲ್ಲವಾಗುತ್ತದೆ.

ಇದಕ್ಕೆ ೨೦೧೦ರ ಒಂದು ದೃಷ್ಟಾಂತವನ್ನು ನೋಡೋಣ. ಜಪಾನಿನ ಟೊಯೋಟಾ ಕಂಪೆನಿಯ ಪ್ರಿಯಸ್ ಎಂಬುದು ಪೂರ್ಣ ವಿದ್ಯುತ್ ಕಾರಲ್ಲ, ಪೆಟ್ರೋಲು ವಿದ್ಯುತ್ತು ಎರಡನ್ನೂ ನೆಚ್ಚಿಕೊಂಡುದು. ಆದರೆ ಅದರ ಬ್ರೇಕಿನ ಏರ್ಪಾಡು ನಾವು ಮೇಲೆ ವರ್ಣಿಸಿದ ಬಗೆಯದೇ. ನುಣುಪಾದ ಅಥವಾ ಹಳ್ಳತಿಟ್ಟಿನ ರಸ್ತೆಯಲ್ಲಿ ಮೆಲ್ಲನೆ ಬ್ರೇಕು ಹಿಡಿದಾಗ, ಮೋಟಾರಿನ ತಡೆಯಿಂದ ಘರ್ಷಣೆಯ ತಡೆಗೆ ಕೆಲಸವು ಕೈಬದಲಾಯಿಸುವ ನಡುವೆ, ಒಂದು ಕ್ಷಣಮಾತ್ರ ಹಿಡಿತವೇ ತಪ್ಪಿದಂತಾಗುತ್ತದೆಂದು ಮಾಲಿಕರು ದೂರಿದರು. ಕಂಪೆನಿಯವರು ಮೊದಲು ಇದು ಪೆಡಲಿನ ಮೇಲೆ ಕಾಲಿಗೆ ತೋರುವ ಭಾವನೆಯ ವಿಷಯವೆಂಬಂತೆ ಮಾತನಾಡಿದರು. ಅಷ್ಟರಲ್ಲಿಯೇ ಆ ವರ್ಷದ ಜನವರಿಯಿಂದ ಹೊಸದಾಗಿ ತಯಾರಾಗುತ್ತಿದ್ದ ಕಾರುಗಳಲ್ಲಿ ತಂತ್ರಾಂಶವನ್ನು ತಿದ್ದಿಯೂ ಆಗಿತ್ತು! ಆಗಲೇ ಮಾರಾಟವಾಗಿದ್ದ ಕಾರುಗಳಿಗೆ ಕರೆ ಬಂದುದು ಫೆಬ್ರವರಿಯಲ್ಲಿ, ಜನರ ಕೂಗು ದೊಡ್ಡದಾದ ಮೇಲೆ. ಪ್ರಪಂಚದಲ್ಲೆಲ್ಲ ಸುಮಾರು ೪ ಲಕ್ಷ ೩೭ ಸಾವಿರ ಗಾಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಆ ದಿನಗಳಲ್ಲಿ ವೇಗದ ಪೆಡಲಿನ ದೋಷಗಳೂ ಸೇರಿಕೊಂಡು ಕಂಪೆನಿಯ ಹೆಸರು ಮಸುಕಾಗಲು, ಅಧ್ಯಕ್ಷರಾದ ಅಕಿಯೋ ಟೊಯೋಡಾ ಅವರು ಅಮೆರಿಕದ ಶಾಸನಸಭೆಯ ಸಮಿತಿಯೆದುರು ಸ್ವತಃ ನಿಂತು ಕ್ಷಮೆಯನ್ನು ಬೇಡಿದರು. ವಾಚಕರು ಇಲ್ಲಿ ವಿವೇಚಿಸಬೇಕು. ತಂತ್ರಾಂಶದಲ್ಲಿ ಕೊರತೆಯಿದ್ದುದು ದೋಷ. ಅಷ್ಟಕ್ಕೆ ಯಾರೂ ಕಂಪೆನಿಯನ್ನು ಬಹಳವಾಗಿ ದೂಷಿಸುತ್ತಿರಲಿಲ್ಲ. ಹೊಸ ಗಿರಾಕಿಗೆ ತಿದ್ದಿಕೊಟ್ಟು ಹಳೆಯ ಗಿರಾಕಿಗೆ ಹೇಳದಿದ್ದುದು ಪ್ರಮಾದ. ಜನರು ಮುನಿದುದು ಅದಕ್ಕೆ.

ದೋಷಗಳು ಎಷ್ಟು ಬಗೆಯಾಗಿರುತ್ತವೆಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ೨೦೧೬ರಲ್ಲಿ ನಿಸ್ಸಾನ್ ಕಂಪೆನಿಯವರು ಅಮೆರಿಕದಲ್ಲಿ ಸುಮಾರು ೪೭ ಸಾವಿರ ಲೀಫ್ ಎಂಬ ವಿದ್ಯುತ್ ಕಾರುಗಳನ್ನು ಹಿಂದಕ್ಕೆ ಕರೆದರು. ಕಾರಣವು ಚಳಿ! ಬ್ರೇಕಿಗೆ ಬಲವನ್ನು ಕೂಡಿಸುವ ಸಾಧನದೊಳಗಿನ ಒಂದು ಸಣ್ಣ ರಿಲೇ ತೀವ್ರವಾದ ಚಳಿಯಲ್ಲಿ ಹೆಪ್ಪುಗಟ್ಟಬಹುದಾಗಿತ್ತು. ಹಾಗಾದರೆ ಪೆಡಲನ್ನು ಎಂದಿಗಿಂತ ಬಹಳ ಬಲವಾಗಿ ತುಳಿಯಬೇಕಾಗುತ್ತಿತ್ತು. ೨೦೨೧ರಲ್ಲಿ ಟೆಸ್ಲಾ ಕಂಪೆನಿಯವರು ೫,೯೭೪ ಕಾರುಗಳನ್ನು ಕರೆದುದು ಇನ್ನೂ ಸಾಮಾನ್ಯವಾದ ಕಾರಣಕ್ಕೆ: ಚಕ್ರದ ಬಳಿ ಬ್ರೇಕಿನ ಕ್ಯಾಲಿಪರನ್ನು ಹಿಡಿದಿಡುವ ಬೋಲ್ಟುಗಳು ಸರಿಯಾಗಿ ಬಿಗಿಯಾಗದೆ ಇದ್ದಿರಬಹುದೆಂಬ ಶಂಕೆ. ಗಣಕವೆಷ್ಟು ಜಾಣನಾದರೇನು, ಬೋಲ್ಟು ಸಡಿಲವಾದರೆ ಎತ್ತಿನ ಗಾಡಿಯ ಕಡಾಣಿ ಬಿದ್ದಂತೆಯೇ ಸರಿ.

ಇದಕ್ಕೆ ವಿರುದ್ಧವಾದ ಒಂದು ವಿಚಿತ್ರವನ್ನೂ ಕೇಳಿರಿ. ೨೦೧೮ರ ಮೇ ತಿಂಗಳಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಪತ್ರಿಕೆಯವರು ಟೆಸ್ಲಾದ ಮಾಡೆಲ್ ೩ ಎಂಬ ಕಾರನ್ನು ಪರೀಕ್ಷಿಸಿದರು. ಗಂಟೆಗೆ ೬೦ ಮೈಲಿ ವೇಗದಲ್ಲಿ ಹೋಗುತ್ತಿದ್ದ ಆ ಗಾಡಿಯು ಪೂರ್ತಿಯಾಗಿ ನಿಲ್ಲಲು ೧೫೨ ಅಡಿಗಳನ್ನು ತೆಗೆದುಕೊಂಡಿತು. ಇದು ಹೆಚ್ಚಾಯಿತೆಂದು ಪತ್ರಿಕೆಯವರು ಆ ಕಾರನ್ನು ಶಿಫಾರಸು ಮಾಡಲೊಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಕಂಪೆನಿಯವರು ತಿದ್ದಿದ ತಂತ್ರಾಂಶವನ್ನು ಗಾಳಿಯ ಮೂಲಕ, ಗಾಡಿ ನಿಂತಲ್ಲಿಗೇ ಕಳುಹಿಸಿದರು. ಮತ್ತೆ ಪರೀಕ್ಷಿಸಲು ಅದೇ ಗಾಡಿ ೧೩೩ ಅಡಿಗಳಲ್ಲಿ ನಿಂತಿತು. ಯಾರೂ ಸ್ಪ್ಯಾನರ್ ಹಿಡಿಯಲಿಲ್ಲ, ಒಂದು ಮೊಳೆಯೂ ಬದಲಾಗಲಿಲ್ಲ. ೧೯ ಅಡಿ ಉಳಿಯಿತು. ಬೀದಿಯಲ್ಲಿ ೧೯ ಅಡಿಯೆಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಆ ಅಂತರದಲ್ಲಿ ನಿಂತವನಿಗೆ ಅದೇ ಆಯುಸ್ಸು. ಇದು ಶಾಸನದಂತೆ ನಡೆದ ರೀಕಾಲ್ ಅಲ್ಲವಾದರೂ, ಕಣ್ಣಿಗೆ ಕಾಣದ ರಿಪೇರಿಯೂ ನಿಜವಾದ ರಿಪೇರಿಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ.

ಮೇಷ್ಟರ ಕೆಲಸವನ್ನು ಮಾಡಿದ ನಮಗೆ ಎಲ್ಲಕ್ಕಿಂತ ಹಿಡಿಸಿದುದು ೨೦೨೪ರ ಫೆಬ್ರವರಿಯ ಒಂದು ರೀಕಾಲ್. ಅಮೆರಿಕದಲ್ಲಿ ಟೆಸ್ಲಾದ ಸುಮಾರು ೨೨ ಲಕ್ಷ ಕಾರುಗಳನ್ನು ಕರೆದುದು ಅಕ್ಷರಗಳ ಗಾತ್ರಕ್ಕಾಗಿ! ಬ್ರೇಕು ಕೆಟ್ಟಿದೆಯೆಂದು ಎಚ್ಚರಿಸುವ ದೀಪದ ಅಕ್ಷರಗಳು ಇಂಚಿನ ಎಂಟನೆಯ ಒಂದು ಭಾಗ, ಎಂದರೆ ೩.೨ ಮಿಲಿಮೀಟರಿಗೆ ಕಡಮೆಯಿರಕೂಡದೆಂದು ಅಲ್ಲಿನ ನಿಯಮ. ಈ ಗಾಡಿಗಳಲ್ಲಿ ಅವು ಅದಕ್ಕಿಂತ ಸಣ್ಣವಾಗಿದ್ದುವು. ಇದನ್ನು ಕೇಳಿ ನಕ್ಕವರು ಹಲವರು. ನಾವು ನಗಲಾರೆವು. ಅರುವತ್ತು ದಾಟಿದ ಕಣ್ಣುಗಳಿಗೆ, ಎದುರು ಬಿಸಿಲು ಹೊಡೆಯುತ್ತಿರುವಾಗ, ಆ ಸಣ್ಣ ಅಕ್ಷರವು ಕಾಣದೆ ಹೋದರೆ ಎಚ್ಚರಿಕೆಯಿದ್ದೂ ಇಲ್ಲದಂತೆಯೇ. ಓದಲಾಗದ ಬರಹವು ಬರಹವೇ ಅಲ್ಲ. ಇದನ್ನೂ ಗಾಳಿಯ ಮೂಲಕವೇ ತಿದ್ದಲಾಯಿತು.

ಯಂತ್ರವು ಸರಿಯಾಗಿದ್ದೂ ಮನುಷ್ಯನ ಅಭ್ಯಾಸದಿಂದ ಕೇಡಾಗುವುದುಂಟು. ೨೦೨೩ರ ಮೇ ತಿಂಗಳಲ್ಲಿ ಚೀನ ದೇಶದ ಅಧಿಕಾರಿಗಳು ಟೆಸ್ಲಾದ ೧೧ ಲಕ್ಷ ಕಾರುಗಳ ರೀಕಾಲನ್ನು ಪ್ರಕಟಿಸಿದರು. ಮೋಟಾರಿನ ತಡೆಯು ಎಷ್ಟು ಬಿಗಿಯಾಗಿರಬೇಕೆಂದು ಆರಿಸಿಕೊಳ್ಳುವ ಅವಕಾಶವು ಚಾಲಕನಿಗೆ ಇರಲಿಲ್ಲ. ವೇಗದ ಪೆಡಲನ್ನು ದೀರ್ಘಕಾಲ ಆಳವಾಗಿ ತುಳಿದರೆ ತಕ್ಕ ಎಚ್ಚರಿಕೆಯೂ ಬರುತ್ತಿರಲಿಲ್ಲ. ಇಂಥ ಗಾಡಿಯಲ್ಲಿ ಕಾಲನ್ನೆತ್ತಿದರೇ ಸಾಕು, ವೇಗವು ಬಲವಾಗಿ ತಗ್ಗುವುದರಿಂದ, ಬ್ರೇಕಿನ ಪೆಡಲನ್ನು ಹುಡುಕುವ ಅಭ್ಯಾಸವೇ ಕಾಲಿಗೆ ತಪ್ಪಿಹೋಗಬಹುದು. ಅವಸರದಲ್ಲಿ ಒಂದನ್ನು ತುಳಿಯಹೋಗಿ ಮತ್ತೊಂದನ್ನು ತುಳಿದರೆ ಅನರ್ಥ. ಆದ್ದರಿಂದ ಆಯ್ಕೆಯನ್ನೂ ಎಚ್ಚರಿಕೆಯನ್ನೂ ತಂತ್ರಾಂಶದಲ್ಲಿ ಸೇರಿಸಬೇಕಾಯಿತು.

ಇವೆಲ್ಲ ದೂರದೇಶದ ಮಾತುಗಳಾದುವು, ನಮಗೇನು ಎನ್ನುವಿರೋ? ವಿದ್ಯುತ್ ಕಾರು ನಮಗೆ ಹೊಸದಲ್ಲ. ೨೦೦೧ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ತಯಾರಾಗಿ ಬೀದಿಗಿಳಿಯಿತು. ಮುಂದೆ ಜೀ-ವಿಜ್ ಎಂಬ ಹೆಸರಿನಿಂದ ಲಂಡನ್ ನಗರದಲ್ಲಿಯೂ ಓಡಾಡಿತು. ಮೋಟಾರಿನ ತಡೆಯು ಅದರಲ್ಲಿಯೂ ಇತ್ತು. ಆದರೆ ಗಾಡಿಗಳು ಬಂದಷ್ಟು ಬೇಗನೆ ನಮ್ಮಲ್ಲಿ ಶಾಸನವು ಬರಲಿಲ್ಲ. ೨೦೧೨ರಲ್ಲಿ ವಾಹನ ತಯಾರಕರ ಸಂಘದವರು ತಾವಾಗಿಯೇ ಒಂದು ನಿಯಮಾವಳಿಯನ್ನು ಮಾಡಿಕೊಂಡರು. ಪಾಲಿಸುವುದು ಬಿಡುವುದು ಅವರವರ ಧರ್ಮಕ್ಕೆ ಬಿಟ್ಟದ್ದಾಗಿತ್ತು. ೨೦೧೯ರಲ್ಲಿ ಮೋಟಾರು ವಾಹನ ಶಾಸನಕ್ಕೆ ೧೧೦-ಎ ಎಂಬ ಹೊಸ ವಿಧಿಯು ಸೇರಿತು. ಅದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದುವು. ಚಾಲಕನಿಗಾಗಲಿ, ಒಳಗೆ ಕುಳಿತವರಿಗಾಗಲಿ, ರಸ್ತೆಯಲ್ಲಿರುವ ಇತರರಿಗಾಗಲಿ ಅಪಾಯವನ್ನುಂಟುಮಾಡುವ ದೋಷವಿದ್ದರೆ ಕೇಂದ್ರ ಸರ್ಕಾರವೇ ರೀಕಾಲಿಗೆ ಅಪ್ಪಣೆ ಮಾಡಬಹುದು. ಏಳು ವರ್ಷಕ್ಕೆ ಒಳಗಿನ ಗಾಡಿಗಳಿಗೆ ಇದು ಅನ್ವಯಿಸುತ್ತದೆ. ದಂಡವು ೧೦ ಲಕ್ಷದಿಂದ ೧ ಕೋಟಿ ರೂಪಾಯಿಗಳವರೆಗೆ ಉಂಟು.

ಈ ವಿಧಿಯಲ್ಲಿ ಒಂದು ಉಪವಾಕ್ಯವು ನಮ್ಮ ಮನಸ್ಸನ್ನು ಸೆಳೆಯಿತು. ತಯಾರಕನು ತನ್ನ ಗಾಡಿಯ ದೋಷವನ್ನು ತಾನಾಗಿಯೇ ಕಂಡು, ಸರ್ಕಾರಕ್ಕೆ ತಿಳಿಸಿ, ಗಾಡಿಗಳನ್ನು ಹಿಂದಕ್ಕೆ ಕರೆಯಲು ತೊಡಗಿದರೆ ಅವನಿಗೆ ದಂಡವಿಲ್ಲ. ಇದೇ ನಾವು ಮೊದಲು ಹೇಳಿದ ಭೇದ! ದೋಷಕ್ಕೆ ಕ್ಷಮೆಯುಂಟು, ಪ್ರಮಾದಕ್ಕೆ ದಂಡವುಂಟು. ರೀಕಾಲಿನ ಸುದ್ದಿಯನ್ನೋದಿ ಕಂಪೆನಿಯನ್ನು ಹಳಿಯುವ ಮೊದಲನೆಯ ಪಂಗಡದ ಗೃಹಸ್ಥರು ಇದನ್ನು ಮನನ ಮಾಡಬೇಕು. ತಾನಾಗಿ ಕರೆಯುವ ಕಂಪೆನಿಗೆ ನಾವು ಛೀಮಾರಿ ಹಾಕಿದರೆ, ನಾಳೆ ಕಂಪೆನಿಗಳು ದೋಷವನ್ನು ಮುಚ್ಚಿಡುವುದನ್ನೇ ಕಲಿಯುವುವು.

ಎರಡನೆಯ ಪಂಗಡದವರಿಗೆ ಹೇಳತಕ್ಕುದು ಇನ್ನೂ ಮುಖ್ಯವಾದುದು. ಸರ್ಕಾರವು ತಾನಾಗಿ ವಿಚಾರಣೆಗೆ ಇಳಿಯಲು ಮಾಲಿಕರ ದೂರುಗಳ ಎಣಿಕೆಯು ಒಂದು ಮುಖ್ಯ ಆಧಾರವಾಗಿದೆ. ದೂರನ್ನು ಸಲ್ಲಿಸಲು ಕೇಂದ್ರ ಸರ್ಕಾರದ ವಾಹನ್ ಜಾಲತಾಣದಲ್ಲಿ ಏರ್ಪಾಡು ಮಾಡಲಾಯಿತು. ಶಾಸನವು ಕಿವಿಯನ್ನು ಇಟ್ಟುಕೊಂಡಿದೆ; ಬಾಯಿ ನಮ್ಮದಾಗಬೇಕು. ಬ್ರೇಕು ಒಮ್ಮೆ ಜಾರಿದಂತಾಯಿತು, ಪೆಡಲು ಒಮ್ಮೆ ಗಟ್ಟಿಯಾಯಿತು, ಮತ್ತೆ ಸರಿಹೋಯಿತು ಎಂದು ಪ್ರತಿಯೊಬ್ಬನೂ ಸುಮ್ಮನಾದರೆ, ಸಾವಿರ ಮನೆಗಳಲ್ಲಿ ನಡೆದ ಒಂದೇ ಸಂಗತಿಯು ಯಾರ ಲೆಕ್ಕಕ್ಕೂ ಬಾರದೆ ಹೋಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು?

ಇಷ್ಟಾಗಿ ಗೃಹಸ್ಥನು ಮಾಡತಕ್ಕುದು ಬಹಳವೇನೂ ಇಲ್ಲ. ಆರ್.ಸಿ.ಯಲ್ಲಿ ಚಾಸಿ ನಂಬರು ಎಂದು ಅಚ್ಚಾಗಿರುವ ೧೭ ಅಕ್ಷರಾಂಕಗಳೇ ಗಾಡಿಯ ನಾಮಗೋತ್ರಗಳು. ಒಂದು, ಸೊನ್ನೆ ಎಂಬ ಅಂಕಿಗಳೊಡನೆ ಬೆರೆತು ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ. ಬರೆದುಕೊಳ್ಳುವಾಗ ಇದು ನೆನಪಿರಲಿ. ರೀಕಾಲಿನ ಸುದ್ದಿ ಬಂದಾಗ ಈ ಸಂಖ್ಯೆಯನ್ನು ಕಂಪೆನಿಯವರಿಗೆ ಕೊಟ್ಟು, ನಮ್ಮ ಗಾಡಿ ಆ ಪಟ್ಟಿಯಲ್ಲಿದೆಯೇ ಎಂದು ಕೇಳಬೇಕು. ಮನೆ ಬದಲಾದರೆ, ಟೆಲಿಫೋನ್ ನಂಬರು ಬದಲಾದರೆ, ಬಂಧುಗಳಿಗೆ ತಿಳಿಸುವಂತೆಯೇ ಕಂಪೆನಿಗೂ ತಿಳಿಸಬೇಕು. ಹಳೆಯ ಗಾಡಿಯನ್ನು ಕೊಂಡವರು ಇದರಲ್ಲಿ ವಿಶೇಷವಾಗಿ ಎಚ್ಚರಿರತಕ್ಕದ್ದು. ಕೊಂಡ ೩೦ ದಿನಗಳೊಳಗೆ ಆರ್.ಸಿ.ಯಲ್ಲಿ ಹೆಸರು ಬದಲಾವಣೆಗೆ ತಿಳಿಸಬೇಕೆಂಬುದು ಶಾಸನ. ಆದರೆ ಅಷ್ಟರಿಂದಲೇ ಕಂಪೆನಿಯ ದಫ್ತರದಲ್ಲಿ ಹೆಸರು ಬದಲಾಗುವುದಿಲ್ಲ. ರೀಕಾಲಿನ ಕಾಗದವು ಮಾರಿದವನ ಮನೆಗೆ ಹೋಗಿ ರದ್ದಿಗೆ ಸೇರುತ್ತದೆ. ದೋಷವು ಕೊಂಡವನ ಮನೆಯಲ್ಲಿ ಉಳಿಯುತ್ತದೆ. ಗಾಡಿಯ ಪರದೆಯ ಮೇಲೆ ತಂತ್ರಾಂಶವನ್ನು ಹೊಸದು ಮಾಡಲೇ ಎಂದು ಕೇಳಿದಾಗ 'ಆಮೇಲೆ' ಎಂದು ತಿಂಗಳುಗಟ್ಟಲೆ ಮುಂದೂಡುವುದೂ ಲಕೋಟೆಯನ್ನು ಒಡೆಯದಿರುವುದಕ್ಕೆ ಸಮಾನವೇ.

ಮಲೆನಾಡಿನ ಕಡೆಯ ವಾಚಕರಿಗೆ ಇನ್ನೊಂದು ಮಾತು. ಬ್ಯಾಟರಿಯು ತುಂಬಿ ತುಳುಕುವಂತಿರುವಾಗ ಮರಳಿ ಬರುವ ವಿದ್ಯುತ್ತಿಗೆ ಎಡೆಯಿಲ್ಲದುದರಿಂದ ಬಹುತೇಕ ಗಾಡಿಗಳಲ್ಲಿ ಮೋಟಾರಿನ ತಡೆಯು ಕುಗ್ಗುತ್ತದೆ. ಆಗುಂಬೆಯಲ್ಲಿ ಪೂರ್ತಿ ತುಂಬಿಸಿಕೊಂಡು ಒಡನೆಯೇ ಘಾಟಿಯನ್ನು ಇಳಿಯುವವರು ಘರ್ಷಣೆಯ ಬ್ರೇಕನ್ನೇ ಹೆಚ್ಚಾಗಿ ನೆಚ್ಚಬೇಕಾಗುತ್ತದೆ. ಇದು ದೋಷವಲ್ಲ, ಯಂತ್ರದ ಸ್ವಭಾವ. ಆದರೆ ದಿನವೂ ಮೋಟಾರಿನ ತಡೆಯಲ್ಲಿಯೇ ಓಡಾಡುವ ಗಾಡಿಯ ಬ್ರೇಕಿನ ಬಿಲ್ಲೆಗಳು ಬಳಕೆಯಿಲ್ಲದೆ ತುಕ್ಕು ಹಿಡಿಯುವುದುಂಟು. ಪ್ಯಾಡು ಸವೆಯಲಿಲ್ಲವೆಂದು ಸಂತೋಷಪಟ್ಟು ಬ್ರೇಕನ್ನು ಪರೀಕ್ಷಿಸದೆಯೇ ಬಿಟ್ಟವನಿಗೆ, ಬೇಕಾದ ದಿನ ಅದು ಒದಗದೆ ಹೋಗಬಹುದು.

ದೋಷವಿಲ್ಲದ ಯಂತ್ರವನ್ನು ಮಾಡುವ ಶಕ್ತಿಯು ಮನುಷ್ಯನಿಗೆ ಇನ್ನೂ ಬಂದಿಲ್ಲ. ಮುಂದೆಯೂ ಬರುವುದೆಂದು ನಮಗೆ ತೋರುವುದಿಲ್ಲ. ಪ್ರಮಾದವನ್ನಾದರೋ ಬಿಡುವುದು ಪ್ರತಿಯೊಬ್ಬನ ಕೈಯಲ್ಲಿದೆ. ತಯಾರಕನು ಕಂಡ ದೋಷವನ್ನು ಹೇಳಲಿ. ಸರ್ಕಾರವು ಕೇಳಿದ ದೂರನ್ನು ವಿಚಾರಿಸಲಿ. ಗೃಹಸ್ಥನು ಬಂದ ಕಾಗದವನ್ನು ಒಡೆದು ಓದಲಿ. ಈ ಮೂರರಲ್ಲಿ ಕೊನೆಯದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಮನೆಯಲ್ಲಿ ಕಾರಿರುವ ವಾಚಕರು ಈ ಪತ್ರಿಕೆಯನ್ನು ಕೆಳಗಿಟ್ಟ ಕೂಡಲೆ ಆರ್.ಸಿ.ಯನ್ನು ಹೊರತೆಗೆದು, ಆ ೧೭ ಅಕ್ಷರಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.